ಸರಿದು ಕುಳಿತವಳು

"ಗುರುಗಳೇ, ಚಿಕ್ಕ ಮನೆಯನ್ನು ವಿಶಾಲ ಮಾಡಿಕೊಳ್ಳುವುದು ಹೇಗೆ?" ಎಂದು ಅಡವಯ್ಯನೆಂಬ ಶಿಷ್ಯ ಕೇಳಿದ. ಊರಿನ ಗೃಹಸ್ಥನೊಬ್ಬ ಬೆಳಿಗ್ಗೆ ತನ್ನನ್ನು ಹೀಗೆ ಕೇಳಿದನೆಂದೂ, ಸಾಮಾನು ಕಡಿಮೆ ಮಾಡು, ಮನಸ್ಸು ದೊಡ್ಡದು ಮಾಡು ಎಂದು ಹೇಳಿ ಕಳಿಸಿದೆನೆಂದೂ, ಆದರೆ ಹೇಳಿದ ಮಾತು ತನಗೇ ರುಚಿಸಲಿಲ್ಲವೆಂದೂ ಅರಿಕೆ ಮಾಡಿಕೊಂಡ.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಡಗಿ ಇದ್ದ. ಅವನದು ಒಂದೇ ಅಂಕಣದ ಮನೆ. ಒಲೆ, ಒರಳು, ದೇವರ ಗೂಡು, ಹಾಸಿಗೆ, ಉಳಿ ಬಾಚಿಗಳ ಪೆಟ್ಟಿಗೆ ಎಲ್ಲವೂ ಅದರೊಳಗೇ. ಗಂಡ, ಹೆಂಡತಿ, ಒಬ್ಬ ಮಗಳು, ಅವಳಿಗಿಂತ ಚಿಕ್ಕವರಾದ ಇಬ್ಬರು ಗಂಡುಮಕ್ಕಳು ಹೇಗೋ ಅದರಲ್ಲೇ ಬಾಳುತ್ತಿದ್ದರು. ಹೀಗಿರುವಾಗ ಬಡಗಿಯ ಅಕ್ಕ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ಅವಳಿಗೆ ಮಕ್ಕಳಿರಲಿಲ್ಲ. ತಾಯಿ ಸತ್ತ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಬಡಗಿ ಎದುರು ಹೋಗಿ ಅವಳ ಕೈಯಿಂದ ಗಂಟು ಇಸಿದುಕೊಂಡು, "ಇದು ನಿನ್ನದೇ ಮನೆ, ಅಕ್ಕ" ಎಂದ. ಆ ಮಾತನ್ನು ಅವನು ಮನಸಾರೆ ಆಡಿದ್ದ.

ಅವಳು ಬಂದ ಹೊಸತರಲ್ಲಿ ಒಂದು ದಿನ ಬಡಗಿ ಉದ್ದನೆಯ ಹಲಗೆಯೊಂದನ್ನು ಹೆಗಲ ಮೇಲಿಟ್ಟುಕೊಂಡು ಒಳಗೆ ಬಂದ. ಅಕ್ಕ ನಡುವೆ ಕುಳಿತು ಜೋಳ ಹಸನು ಮಾಡುತ್ತಿದ್ದಳು. "ಅಕ್ಕಾ, ಒಂದಿಷ್ಟು ಆ ಕಡೆ ಸರಿ" ಎಂದ. ಅವಳು ಮೊರ ಎತ್ತಿಕೊಂಡು ಸರಿದಳು. ಹಲಗೆ ಒಳಗೆ ಹೋಯಿತು. ಸರಿದವಳು ಮತ್ತೆ ಈ ಕಡೆ ಬರಲಿಲ್ಲ. ಅಂದಿನಿಂದ ಅವಳು ಸರಿಯುತ್ತಲೇ ಹೋದಳು.

ಬಡಗಿ ಕೈಚಳಕದವನು. ಆರು ಮಂದಿಗೆ ಮನೆ ಸಾಲದೆಂದು ತಾನೇ ಉಪಾಯ ಹೂಡಿದ. ಜಂತೆಯ ಕೆಳಗೆ ಅಟ್ಟ ಕಟ್ಟಿದ. ಗೋಡೆಗೆ ನಾಗಂದಿಗೆ ಕೂಡಿಸಿ ಪಾತ್ರೆಗಳನ್ನು ಮೇಲೇರಿಸಿದ. ಗೂಟ ಬಡಿದು ಬಟ್ಟೆಯ ಗಂಟುಗಳನ್ನು ತೂಗುಹಾಕಿದ. ಹಗಲು ಮಡಚಿ ಗೋಡೆಗೆ ಒರಗಿಸಿಡುವ ಮಂಚ ಮಾಡಿದ. ನೋಡನೋಡುತ್ತ ಮನೆ ಬಿಚ್ಚಿಕೊಂಡಿತು. ಮಕ್ಕಳು ನಡುವೆ ಬುಗುರಿ ಆಡುವಷ್ಟು ಜಾಗವಾಯಿತು. ಬಂದವರು ಬೆರಗಾದರು. "ಮನೆ ಚಿಕ್ಕದಾದರೇನು, ಮನಸ್ಸು ದೊಡ್ಡದಿರಬೇಕು" ಎಂದು ಹೊಗಳಿದರು. ಬಡಗಿಯ ಎದೆ ಉಬ್ಬಿತು.

ಊರವರು ತಮ್ಮ ಮನೆಗಳಿಗೂ ಅವನನ್ನು ಕರೆದರು. ಅವನು ಅದೇ ಅಟ್ಟ, ಅದೇ ಮಂಚ ಮಾಡಿಕೊಟ್ಟ. ಆದರೆ ಆ ಮನೆಗಳು ಮೊದಲಿನಂತೆಯೇ ಇಕ್ಕಟ್ಟಾಗಿ ಉಳಿದವು. ಅವರು ಬಂದು ದೂರಿದಾಗ ಬಡಗಿ ನಕ್ಕು, "ನನ್ನ ಕೆಲಸದಲ್ಲಿ ಐಬಿಲ್ಲ. ನಿಮಗೆ ಮನೆಯಲ್ಲಿ ಇರಲು ಬರುವುದಿಲ್ಲ" ಎಂದ.

ಅವನ ಮನೆಯಲ್ಲಿ ಇರಲು ಬರುತ್ತಿದ್ದುದು ಅಕ್ಕನಿಗೆ. ಎಲ್ಲರೂ ಏಳುವ ಮೊದಲೇ ಎದ್ದು ಚಾಪೆ ಸುತ್ತಿ ಹೊರಗೆ ಹೋಗುತ್ತಿದ್ದಳು. ಎಲ್ಲರ ಊಟವಾದ ಮೇಲೆ ಒಲೆಯ ಮೂಲೆಯಲ್ಲಿ ನಿಂತೇ ಉಣ್ಣುತ್ತಿದ್ದಳು. ಹಗಲೆಲ್ಲ ಹಿತ್ತಲ ಗೋಡೆಗೆ ಒರಗಿ ಕುಳಿತಿರುತ್ತಿದ್ದಳು. ತಂದ ಗಂಟಿನಲ್ಲಿದ್ದ ಸೀರೆಗಳನ್ನು ಒಂದೊಂದಾಗಿ ಕೊಟ್ಟುಬಿಟ್ಟಳು. ಅವಳ ಹೆಸರಿಗೆ ಒಂದು ಗೂಟವೂ ಬೇಕಾಗಲಿಲ್ಲ. ಕೆಮ್ಮು ಬಂದರೆ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋಗಿ ಕೆಮ್ಮುತ್ತಿದ್ದಳು. ಬಡಗಿಗೆ ಇದು ಕಾಣಲಿಲ್ಲ ಎನ್ನುವಂತಿಲ್ಲ. ಕಂಡಿತ್ತು. ಅಕ್ಕನ ಸ್ವಭಾವವೇ ಹಾಗೆ ಎಂದುಕೊಂಡಿದ್ದ.

ಒಂದು ಮಾಗಿಯಲ್ಲಿ ಅಕ್ಕನಿಗೆ ಜ್ವರ ಬಂತು. ಅದೇ ಸಮಯಕ್ಕೆ ಪಕ್ಕದ ಊರಿನ ಗೌಡ ಹೊಸ ಮನೆ ಕಟ್ಟಿಸುವವನಿದ್ದು, ಬಡಗಿಯ ಮನೆಯನ್ನು ನೋಡಲು ಬರುತ್ತೇನೆಂದು ಹೇಳಿಕಳಿಸಿದ. ಬಡಗಿಯ ಹೆಂಡತಿ, "ಅಕ್ಕನ ಮೈ ಕೆಂಡದ ಹಾಗೆ ಸುಡುತ್ತಿದೆ. ಇವತ್ತು ಬೇಡ ಎನ್ನಿ" ಎಂದಳು. ಬಡಗಿ ಒಲೆಯ ಬಳಿ ಮಲಗಿದ್ದ ಅಕ್ಕನ ಕಡೆ ಒಮ್ಮೆ ನೋಡಿದ. ಅಷ್ಟೇ ಸಾಕಾಯಿತು. ಅವಳು ಗೋಡೆ ಹಿಡಿದು ಎದ್ದು, ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

"ನಾನು ಹಿತ್ತಲಲ್ಲಿ ಇರುತ್ತೇನೆ ಬಿಡು, ತಮ್ಮಾ. ಬಿಸಿಲಿಗೆ ಮೈ ಕಾಸಿಕೊಂಡ ಹಾಗೂ ಆಗುತ್ತದೆ."

ಹೊರಗೆ ಬಿಸಿಲಿರಲಿಲ್ಲ. ಬೆಳಗಿನಿಂದ ಮೋಡ ಕವಿದಿತ್ತು. ಅದು ಬಡಗಿಗೆ ಗೊತ್ತಿತ್ತು. "ಹುಷಾರು" ಎಂದಷ್ಟೇ ಅಂದು, ಮಂಚ ಮಡಚಿ ಗೋಡೆಗೆ ಒರಗಿಸಿದ.

ಗೌಡ ಪರಿವಾರ ಸಮೇತ ಬಂದ. ಅಷ್ಟು ಮಂದಿ ಒಳಗೆ ಕುಳಿತರೂ ಮೊಣಕೈಗೆ ಮೊಣಕೈ ತಾಗಲಿಲ್ಲ. ಗೌಡ ತಲೆದೂಗಿದ. ಬಡಗಿಗೆ ಹುರುಪು ಬಂದು ಅಟ್ಟದ ಜೋಡಣೆ ತೋರಿಸಿದ, ಮಂಚ ಬಿಚ್ಚಿ ತೋರಿಸಿದ, ಮಡಚಿ ತೋರಿಸಿದ. ಊಟ ಮಾಡಿಯೇ ಹೋಗಬೇಕೆಂದು ಒತ್ತಾಯಿಸಿದ. ಎಲೆ ಹಾಕುವ ಹೊತ್ತಿಗೆ ಹೆಂಚಿನ ಮೇಲೆ ಹನಿ ಬಿದ್ದ ಸದ್ದಾಯಿತು. ಹೆಂಡತಿ ಗಂಡನ ಮುಖ ನೋಡಿದಳು. ಅವನಿಗೂ ಸದ್ದು ಕೇಳಿತ್ತು. ಈಗ ಅಕ್ಕನನ್ನು ಒಳಗೆ ಕರೆದರೆ, ಜ್ವರದವಳನ್ನು ಹೊರಗೆ ಕೂಡಿಸಿದ್ದನೆಂದು ಗೌಡನಿಗೆ ತಿಳಿಯುತ್ತದೆ. ಇನ್ನೇನು ಹೊರಟಾರು ಎಂದುಕೊಂಡ. ಅವರು ಎಲೆ ಅಡಿಕೆ ಮುಗಿಸಿ, ಮಳೆ ನಿಲ್ಲಲೆಂದು ಇನ್ನೂ ಸ್ವಲ್ಪ ಕುಳಿತರು.

ಅವರು ಬಂಡಿ ಹತ್ತಿದ ಕೂಡಲೇ ಬಡಗಿ ಹಿತ್ತಲಿಗೆ ಓಡಿದ. ಅಕ್ಕ ಸೂರಿನ ಕೆಳಗೆ ಮೊಣಕಾಲು ಎದೆಗೆ ಒತ್ತಿಕೊಂಡು ಕುಳಿತಿದ್ದಳು. ಸೀರೆ ತೊಯ್ದು ಮೈಗೆ ಅಂಟಿತ್ತು. ಹಲ್ಲು ಕಟಕಟಿಸುತ್ತಿತ್ತು. ಎರಡು ಕೈಯಲ್ಲಿ ಎತ್ತಿದ. ಹಸಿ ಹಲಗೆಯಷ್ಟೂ ಭಾರವಿರಲಿಲ್ಲ. ಒಳಗೆ ತಂದು ಒಲೆಯ ಮುಂದೆ ಮಲಗಿಸಿ ಕಂಬಳಿ ಹೊದಿಸಿದಾಗ ಅವಳು ಕಣ್ಣು ತೆರೆದಳು.

"ಇಲ್ಲಿ ಬೇಡ, ತಮ್ಮಾ. ಗೋಡೆಯ ಕಡೆಗೆ ಹಾಕು. ಮಕ್ಕಳು ಎಡವುತ್ತವೆ."

ಅವಳು ಆಡಿದ ಕಡೆಯ ಮಾತು ಅದು. ಮರುದಿನ ಬೆಳಗಾಗುವಾಗ ಉಸಿರಿರಲಿಲ್ಲ.

ದಿನಕರ್ಮಗಳು ಮುಗಿದವು. ಆಮೇಲೆ ಮನೆಯಲ್ಲಿ ಒಂದು ವಿಚಿತ್ರವಾಯಿತು. ಒಬ್ಬರು ಕಡಿಮೆಯಾದ ಮನೆ ಇನ್ನಷ್ಟು ಇಕ್ಕಟ್ಟಾಯಿತು. ಮಕ್ಕಳು ಹಾಸಿಗೆಗಾಗಿ ಕಿತ್ತಾಡಿದವು. ಹೆಂಡತಿಯ ಕೈಗೆ ತಾಗಿ ಕೊಡ ಉರುಳಿತು. ಸುತ್ತದೆ ಬಿಟ್ಟ ಚಾಪೆ, ತೆಗೆಯದೆ ಬಿಟ್ಟ ತಟ್ಟೆ, ಎತ್ತಿಡದ ಉಳಿ ಹೆಜ್ಜೆ ಹೆಜ್ಜೆಗೂ ಕಾಲಿಗೆ ತೊಡರಿದವು. ಬಡಗಿ ರೇಗಿ ಇನ್ನೊಂದು ನಾಗಂದಿಗೆ ಹಾಕಿದ. ಪ್ರಯೋಜನವಾಗಲಿಲ್ಲ. ಒರಳಿಗೂ ಗೋಡೆಗೂ ನಡುವೆ ಒಂದು ಸಂದು ಇತ್ತು. ಅಲ್ಲೊಂದು ಹಲಗೆ ಕೂಡಿಸೋಣವೆಂದು ಅಳೆದು ನೋಡಿದ.

"ಇದು ಯಾವುದಕ್ಕೂ ಬಾರದ ಜಾಗ. ಒಂದು ಗಡಿಗೆ ಇಡಲೂ ಸಾಲದು" ಎಂದ.

"ಅಕ್ಕ ಮಲಗುತ್ತಿದ್ದುದು ಅಲ್ಲೇ" ಎಂದಳು ಹೆಂಡತಿ.

ಬಡಗಿ ಅಲ್ಲಿ ಮಲಗಲು ಹೋದ. ಅಂಗಾತ ಮಲಗಿದರೆ ಭುಜ ಹಿಡಿಸಲಿಲ್ಲ. ಮಗ್ಗುಲಾದರೆ ಮೊಣಕಾಲು ಮಡಚಲು ಬರಲಿಲ್ಲ. ಒರಳುಕಲ್ಲಿನ ತಣ್ಣನೆಯ ಅಂಚು ಬೆನ್ನಿಗೆ ಒತ್ತಿತು. ಊರೆಲ್ಲ ನೋಡಿ ಹೊಗಳಿದ ವೈಶಾಲ್ಯ ಎಲ್ಲಿಂದ ಬಂದಿತ್ತೆಂದು ಅವನಿಗೆ ಆಗ ತಿಳಿಯಿತು. ಅವನು ಅಳಲಿಲ್ಲ. ಅಳುವ ಹಕ್ಕು ತನಗಿಲ್ಲವೆಂದು ಅನಿಸಿತು.

ಕಾಲ ಕಳೆಯಿತು. ಒಂದು ಮಧ್ಯಾಹ್ನ ಬಡಗಿ ಕೆಲಸ ಮುಗಿಸಿ ಬಂದು ಊಟಕ್ಕೆ ಕುಳಿತ. ಯಾರ ತೊಡೆಯೂ ಅವನ ತೊಡೆಗೆ ತಾಗಲಿಲ್ಲ. ಗಂಡುಮಕ್ಕಳು ಜಗಳವಿಲ್ಲದೆ ಕಾಲು ನೀಡಿ ಉಣ್ಣುತ್ತಿದ್ದರು. ಮನೆ ಮತ್ತೆ ಸಡಿಲವಾಗಿತ್ತು. ತುತ್ತು ಬಾಯಿಗಿಡುತ್ತಿದ್ದವನು ಅದನ್ನು ತಟ್ಟೆಗೇ ಹಾಕಿದ. ಕೈ ತೊಳೆಯದೆ ಎದ್ದು ಹಿತ್ತಲಿಗೆ ಹೋದ. ಮಗಳು ಗೋಡೆಗೆ ಒರಗಿ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದಳು.

"ಇಲ್ಲೇಕೆ ಕುಳಿತೆ?"

"ಒಳಗೆ ತಮ್ಮಂದಿರಿಗೆ ಜಾಗ ಸಾಲುವುದಿಲ್ಲ, ಅಪ್ಪ. ನನಗೆ ಇಲ್ಲಿ ಏನೂ ತೊಂದರೆಯಿಲ್ಲ."

ಯಾರೂ ಅವಳಿಗೆ ಹೊರಗೆ ಹೋಗೆಂದು ಹೇಳಿರಲಿಲ್ಲ. ಬಡಗಿ ಅವಳ ಕೈ ಹಿಡಿದು ಒಳಗೆ ತಂದು ನಟ್ಟನಡುವೆ ಕೂಡಿಸಿದ. ಅವಳು ಅಂಜಿ ಮೈ ಹಿಡಿಮಾಡಿಕೊಂಡಳು. ಅವನು ಬಾಚಿ ಎತ್ತಿಕೊಂಡು ಅಟ್ಟ ಕೆಡವಿದ, ನಾಗಂದಿಗೆ ಕಿತ್ತ, ಮಡಚುವ ಮಂಚವನ್ನು ಒಡೆದು ಒಲೆಗೆ ಹಾಕಿದ. ಸಾಮಾನೆಲ್ಲ ನೆಲಕ್ಕೆ ಬಂತು. ಮನೆಯಲ್ಲಿ ಹೆಜ್ಜೆ ಇಡಲು ಜಾಗ ಉಳಿಯಲಿಲ್ಲ. "ಇನ್ನು ಈ ಮನೆಯಲ್ಲಿ ಎಲ್ಲರೂ ಎಲ್ಲರಿಗೂ ತಾಗಿಕೊಂಡೇ ಇರಬೇಕು" ಎಂದ. ಮಕ್ಕಳು ಹೆದರಿ ಅತ್ತವು. ಊರವರು ನಕ್ಕರು. ಮನೆ ದೊಡ್ಡದು ಮಾಡಿಕೊಡು ಎಂದು ಮತ್ತೆ ಯಾರೂ ಅವನನ್ನು ಕರೆಯಲಿಲ್ಲ. ಅವನು ಸಾಯುವವರೆಗೂ ಆ ಮನೆ ಇಕ್ಕಟ್ಟಾಗಿಯೇ ಇತ್ತು. ಮಗಳು ಮದುವೆಯಾಗಿ ಹೋಗುವವರೆಗೂ ನಡುವೆಯೇ ಮಲಗಿದಳು. ಆದರೆ ಕಾಲು ಮಡಚಿಕೊಳ್ಳುವುದನ್ನು ಬಿಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಗೃಹಸ್ಥನಿಗೆ ಹೇಳಬೇಕಾದ ಉತ್ತರವನ್ನು ಅಡವಯ್ಯ ಕೇಳಲಿಲ್ಲ.

"ಗುರುಗಳೇ, ಆ ಅಕ್ಕನಿಗೆ ತಮ್ಮನ ಮನೆಯಲ್ಲಿ ಒಂದು ದಿನವಾದರೂ ಕೈಕಾಲು ಚಾಚುವಷ್ಟು ಜಾಗ ಸಿಗಲಿಲ್ಲವೇ?"

"ಸಿಕ್ಕಿತು, ಹೆಣವನ್ನು ಮನೆಯ ನಡುವೆ ಮಲಗಿಸಿ ಉಳಿದವರೆಲ್ಲ ಅಂಗಳಕ್ಕೆ ಇಳಿದಾಗ" ಎಂದರು ಗುರುಗಳು.