ಹುರಿದ ಹೆಪ್ಪು

೧೯೮೭ರ ನವೆಂಬರ್ ಹನ್ನೆರಡು. ಹದವಾದ ಬಿಸಿಲು. ಮೋಡವಿಲ್ಲ, ಗಾಳಿಯೂ ಇಲ್ಲ.

ಕಪಿಲಾ ನದಿಯ ದಡದ ಮಠ. ಮೂವತ್ತು ದಾಟಿದ ಶಿಷ್ಯ ಗುರುಮಲ್ಲ ಮಠದ ಹರಿಗೋಲಿನ ತಳಕ್ಕೆ ಡಾಂಬರೆಣ್ಣೆ ಬಳಿಯಬೇಕಿತ್ತು. ಹೊಳೆಯವರೆಗೆ ಹೊರಲು ಬೇಸರವಾಗಿ ಸೊಪ್ಪಿನ ಪಾತಿಯ ಪಕ್ಕದಲ್ಲೇ ಕುಳಿತ.

ಎಣ್ಣೆಯ ಡಬ್ಬ ಉರುಳಿತು. ದಾಸೋಹಕ್ಕೆ ಸೊಪ್ಪು ಕೊಡುತ್ತಿದ್ದ ಪಾತಿ ಕಪ್ಪಾಯಿತು.

ಗುರುಮಲ್ಲ ಪಂಚೆ, ಕಂಬಳಿ ಗಂಟುಕಟ್ಟಿ ಗೂಟಕ್ಕೆ ನೇತುಹಾಕಿದ.

"ಬುದ್ಧಿ, ಯುಗಾದಿಯೊಳಗೆ ಅಲ್ಲಿ ಸೊಪ್ಪು ಮೊಳೆಯದಿದ್ದರೆ ನನಗೆ ಈ ಮಠದ ಅನ್ನ ಸಲ್ಲದು. ಗಂಟು ಹೊತ್ತು ಹೋಗುತ್ತೇನೆ."

"ಹೋಗುವೆಯಂತೆ," ಎಂದರು ಗುರುಗಳಾದ ಚಿಕ್ಕಬಸವ ಸ್ವಾಮಿಗಳು. "ಮೊದಲು ಹೊಳೆದಡದ ಹೊಂಗೆ ಬುಡದಿಂದ ಎರಡು ಮಂಕರಿ ಮಣ್ಣು ತಂದು ಪಾತಿಗೆ ಬೆರೆಸು."

ಗುರುಮಲ್ಲ ಮುಖ ಸಿಂಡರಿಸಿದ. ಅಂಬಿಗರು ತಲೆತಲಾಂತರದಿಂದ ಹರಿಗೋಲಿಗೆ ಎಣ್ಣೆ ಬಳಿಯುವ ಜಾಗ ಅದು.

"ಅಲ್ಲಿ ಚೆಲ್ಲಿದಷ್ಟು ಡಾಂಬರೆಣ್ಣೆ ಇನ್ನೆಲ್ಲೂ ಚೆಲ್ಲಿಲ್ಲ, ಬುದ್ಧಿ!"

"ಅಲ್ಲಿ ಗರಿಕೆ ಬೆಳೆದಿದೆಯೋ ಇಲ್ಲವೋ?"

"ಬೆಳೆದಿದೆ."

"ಹಾಲಿಗೆ ಹೆಪ್ಪು ಎಲ್ಲಿಂದ ತರುತ್ತಾರೆ?"

"ಹಳೆಯ ಮೊಸರಿನಿಂದ."

"ಹಾಗಾದರೆ ಹೋಗು."

ಗುರುಮಲ್ಲ ಮಣ್ಣು ತಂದು ಬೆರೆಸಿದ. ಸಂಕ್ರಾಂತಿ ಬಂತು. ಪಾತಿಯ ನಾತ ಇದ್ದ ಹಾಗೇ ಇತ್ತು.

ಸ್ವಾಮಿಗಳು ಹಿಡಿಮಣ್ಣು ಮೂಸಿದರು.

"ಹೊಂಗೆ ಬುಡದ್ದೇ ತಾನೇ?"

"ಹೌದು, ಬುದ್ಧಿ. ಹೊಲಸು ಜಾಗದ್ದನ್ನು ಹಾಗೇ ಹಾಕುವುದು ಹೇಗೆ ಅಂತ ಬಾಣಲೆಯಲ್ಲಿ ಹುರಿದು, ಶುದ್ಧಮಾಡಿ ಹಾಕಿದೆ."

ಅಡುಗೆಯ ಸಿದ್ದಮ್ಮ ಒಳಗಿನಿಂದಲೇ ಕೂಗಿದಳು: "ಅಯ್ಯೋ ಶಿವನೇ! ಅದಕ್ಕೇ ಅವತ್ತು ಪಲ್ಯದಲ್ಲಿ ಮರಳು ಸಿಕ್ಕಿದ್ದು!"

ಸ್ವಾಮಿಗಳು ನಗು ತಡೆಯಲಾರದೆ ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟರು.

"ಹೆಪ್ಪನ್ನೇ ಹುರಿದೆಯಲ್ಲೋ! ಆ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿದ್ದವು. ಎಷ್ಟೋ ತಲೆಮಾರಿನಿಂದ ಡಾಂಬರೆಣ್ಣೆ ಉಂಡು ಬದುಕಿದವು. ಎಲ್ಲವನ್ನೂ ಹುರಿಗಡಲೆ ಮಾಡಿದೆ."

"ಅಂಥ ಎಣ್ಣೆಯನ್ನು ತಿನ್ನಲು ಅವಕ್ಕೆ ಹಲ್ಲೆಲ್ಲಿದೆ, ಬುದ್ಧಿ?"

ಊಟಕ್ಕೆ ಬಂದಿದ್ದ ಆರು ಅಂಬಿಗರನ್ನು ಸ್ವಾಮಿಗಳು ದುಂಡಗೆ ನಿಲ್ಲಿಸಿ ಕೈಕೈ ಹಿಡಿಸಿದರು.

"ಎಣ್ಣೆಯೊಳಗೆ ಇರುವುದು ಹೀಗೆ ಆರಾರು ಇಂಗಾಲದ ಕಣಗಳು ಕೈಹಿಡಿದ ಉಂಗುರಗಳೇ. ಬಿಡಿಸು ನೋಡೋಣ."

ಗುರುಮಲ್ಲ ಎಳೆದ, ಜಗ್ಗಿದ, ಬೆವರಿದ. ಹುಟ್ಟು ಹಾಕಿ ಗಟ್ಟಿಯಾದ ಕೈಗಳು ಕದಲಲಿಲ್ಲ.

"ಉಂಡು ಬಾ, ಗುರುಮಲ್ಲಣ್ಣ," ಎಂದು ಒಬ್ಬ ಅಂಬಿಗ ನಕ್ಕ.

ಸ್ವಾಮಿಗಳು ಎರಡು ಲೋಟ ಮಜ್ಜಿಗೆ ತರಿಸಿ ಅಕ್ಕಪಕ್ಕದ ಇಬ್ಬರ ಮುಂದೆ ಹಿಡಿದರು. ಇಬ್ಬರೂ ಪರಸ್ಪರ ಕೈಬಿಟ್ಟು ಲೋಟಕ್ಕೆ ಕೈಚಾಚಿದರು. ಉಂಗುರ ಬಾಯಿಬಿಟ್ಟಿತು.

"ಲೋಟ ನೀಡಿದ ಈ ಕೈ ಇದೆಯಲ್ಲ, ಅದೇ ಕಿಣ್ವ. ಆ ಜೀವಿಗಳು ತಮ್ಮ ಮೈಯಲ್ಲೇ ಅದನ್ನು ಮಾಡಿಕೊಳ್ಳುತ್ತವೆ. ಗಾಳಿಯಲ್ಲಿರುವ ಆಮ್ಲಜನಕವೇ ಅದು ನೀಡುವ ಮಜ್ಜಿಗೆ. ಬಾಯಿಬಿಟ್ಟ ಉಂಗುರ ಬರೀ ದಾರ. ತುಂಡರಿಸಿ ನುಂಗುವುದು ಎಷ್ಟು ಹೊತ್ತಿನ ಕೆಲಸ?"

"ಮಣ್ಣಿನೊಳಕ್ಕೆ ಗಾಳಿ ಹೋಗುವುದು ಹೇಗೆ?"

ಸ್ವಾಮಿಗಳು ಅವನ ಕೈಗೆ ಗುದ್ದಲಿ ಕೊಟ್ಟರು.

ಈ ಸಲ ಗುರುಮಲ್ಲ ಹಸಿಮಣ್ಣನ್ನೇ ತಂದ. ದಿನವೂ ಪಾತಿಯನ್ನು ಮಗುಚಿದ, ನೀರು ಚಿಮುಕಿಸಿದ, ಮೂಸಿದ. ಶಿವರಾತ್ರಿಯ ಹೊತ್ತಿಗೆ ನಾತ ಇಳಿಯಿತು. ಆಮೇಲೆ ಪಾತಿಯಿಂದ ಮೊದಲ ಮಳೆ ಬಿದ್ದ ನೆಲದಂಥ ವಾಸನೆ ಬಂತು. ಹೆದರುತ್ತಲೇ ದಂಟಿನ ಬೀಜ ಚೆಲ್ಲಿದ.

ಯುಗಾದಿಯ ಬೆಳಿಗ್ಗೆ ಪಾತಿಯ ತುಂಬ ಎರಡೆಲೆಯ ಮೊಳಕೆ.

ಗುರುಮಲ್ಲ ಓಡಿಬಂದು ಗುರುಗಳ ಕಾಲಿಗೆ ಬಿದ್ದ.

"ಬುದ್ಧಿ, ಇಷ್ಟು ದುಡಿದ ಆ ಜೀವಿಗಳಿಗೆ ಕೂಲಿ ಏನೂ ಕೊಡಲಿಲ್ಲವಲ್ಲ?"

ಸ್ವಾಮಿಗಳು ಗೂಟದಿಂದ ಗಂಟು ಇಳಿಸಿ ಅವನ ಮುಂದಿಟ್ಟರು.

"ನೀನು ಚೆಲ್ಲಿದ್ದೇ ಅವುಗಳ ಕೂಲಿ. ಉಂಡು ಮುಗಿಸಿವೆ. ಹೊತ್ತುಕೊಂಡು ಹೋಗಲು ನಿನಗೆ ಏನನ್ನೂ ಉಳಿಸಿಲ್ಲ, ಗಂಟು ಬಿಚ್ಚು."