ನಡೆಗಾಡಿಯ ಹಿಡಿಕೆ

ಕೂಗಿದವರಿಗೆ ತಡಮಾಡದೆ ಓಗೊಡುವ, ಬಾಗಿಲಿಲ್ಲದ ಮನೆಯ ಒಡೆಯನಾದ ಪರಶಿವನ ಪಾದಗಳಿಗೆ ಶರಣು. ಅವನನ್ನು ನೆನೆದು ಈ ಕತೆಯನ್ನು ಹೇಳುತ್ತೇನೆ.

“ಬುದ್ಧಿ, ನಿಜವಾದ ಮಾತಿಗೆ ಮುಪ್ಪು ಬರುತ್ತದೆಯೇ?”

ಹೀಗೆ ಕೇಳಿದವನು ಮೃತ್ಯುಂಜಯನೆಂಬ ಶಿಷ್ಯ. ಕೇಳಿದ್ದು ತನ್ನ ಗುರುಗಳನ್ನು. ಅವರ ಮಠಕ್ಕೆ ಸೇರಿದ ಒಂದು ಅಂಗಡಿಯಿತ್ತು. ಅಲ್ಲಿ ಗಾಣದ ಎಣ್ಣೆ, ಜೇನುತುಪ್ಪ, ವಿಭೂತಿ ಮಾರುತ್ತಿದ್ದರು. ಅಂಗಡಿಯ ವೆಬ್‌ಸೈಟನ್ನು ನೋಡಿಕೊಳ್ಳುವ ಕೆಲಸ ಮೃತ್ಯುಂಜಯನದು. ಅದರಲ್ಲಿ ಬರೆದದ್ದನ್ನು ಆಗಾಗ ಓದಿ, ಹಳತಾದದ್ದನ್ನು ತಿದ್ದು ಎಂದು ಗುರುಗಳು ಅಪ್ಪಣೆ ಕೊಟ್ಟಿದ್ದರು.

“ಬರೆಯುವಾಗ ನಾನು ನಿಜವನ್ನೇ ಬರೆದಿದ್ದೇನೆ,” ಎಂದ ಶಿಷ್ಯ. “ಅದನ್ನೇ ಮತ್ತೆ ಮತ್ತೆ ಓದುತ್ತ ಕೂತರೆ ಜಪದ ಹೊತ್ತು ಹೋಗುತ್ತದೆ, ಬುದ್ಧಿ.”

“ಜಪದಲ್ಲೂ ನೀನು ಹೇಳಿದ್ದನ್ನೇ ಹೇಳುತ್ತೀಯಲ್ಲಪ್ಪ?” ಎಂದು ಗುರುಗಳು ನಕ್ಕರು. ಶಿಷ್ಯನೂ ನಕ್ಕ. ಆಮೇಲೆ ಅವರು ಈ ಕತೆಯನ್ನು ಹೇಳಿದರು.

ಒಂದು ಊರಿನಲ್ಲಿ ಮರದ ಆಟಿಕೆ ಮಾರುವ ಒಬ್ಬ ವ್ಯಾಪಾರಿ ಇದ್ದ. ಅಂಗಡಿ ಅವನ ತಂದೆಯ ಕಾಲದ್ದು. ತಂದೆ ಕೈಕೆಲಸ ಬಲ್ಲವರು. ನಡೆಗಾಡಿ ಮಾಡುವುದರಲ್ಲಿ ಅವರಿಗೆ ಹೆಸರಿತ್ತು. ನಡೆಗಾಡಿಯೆಂದರೆ ಮೂರು ಗಾಲಿಯ ಪುಟ್ಟ ಗಾಡಿ. ಅದರ ಹಿಡಿಕೆ ಹಿಡಿದು ತಳ್ಳುತ್ತ ಮಗು ಹೆಜ್ಜೆ ಕಲಿಯುತ್ತದೆ. ಎಲ್ಲ ಮಕ್ಕಳೂ ಒಂದೇ ವಯಸ್ಸಿಗೆ ನಡೆಯುವುದಿಲ್ಲ. ತಡವಾದ ಮಕ್ಕಳನ್ನು ತಾಯಂದಿರು ಅವರ ಹತ್ತಿರ ಎತ್ತಿಕೊಂಡು ಬರುತ್ತಿದ್ದರು. ಅವರು ಮಗುವನ್ನು ನಿಲ್ಲಿಸಿ, ದಾರ ಹಿಡಿದು ಅಳತೆ ತೆಗೆದು, ಆ ಮಗುವಿನ ಕೈಗೆ ಸರಿಯಾಗಿ ಎಟುಕುವ ಹಾಗೆ ಹಿಡಿಕೆ ಕೂರಿಸಿ ಕೊಡುತ್ತಿದ್ದರು.

ಮುಪ್ಪಿನಲ್ಲಿ ಅವರು ಅಂಗಡಿಗೊಂದು ವೆಬ್‌ಸೈಟ್ ಮಾಡಿಸಿದರು. ಮಾತುಗಳನ್ನು ತಾವೇ ಹೇಳಿ ಬರೆಸಿದರು. ‘ನಡಿಗೆ ತಡವಾಯಿತೆಂದು ಅಳಬೇಡಿ ತಾಯಿ. ಮಗುವನ್ನು ಕರೆದುಕೊಂಡು ಬನ್ನಿ. ಅಳತೆ ನೋಡಿ ಗಾಡಿ ಮಾಡಿಕೊಡುತ್ತೇನೆ.’ ಇಷ್ಟು ಬರೆಸಿ, ಸ್ವಲ್ಪ ಕಾಲದ ಮೇಲೆ ಶಿವನ ಪಾದ ಸೇರಿದರು.

ಮಗನಿಗೆ ಕೈಕೆಲಸ ಬರುತ್ತಿರಲಿಲ್ಲ. ಅವನು ಕಾರ್ಖಾನೆಯ ಗೊಂಬೆಗಳನ್ನು ತಂದು ಮಾರತೊಡಗಿದ. ಆದರೆ ತಂದೆಯ ಮೇಲೆ ಅವನಿಗಿದ್ದ ಭಕ್ತಿ ದೊಡ್ಡದು. ಆಯುಧಪೂಜೆ ಬಂದರೆ ತಂದೆಯ ಉಳಿ, ಸುತ್ತಿಗೆ, ಗರಗಸಗಳಿಗೆ ಹೂವೇರಿಸುತ್ತಿದ್ದ. ಆಮೇಲೆ ಕಂಪ್ಯೂಟರಿನಲ್ಲಿ ವೆಬ್‌ಸೈಟಿನ ಆ ಪುಟವನ್ನು ತೆರೆದು, ಪರದೆಗೆ ಕುಂಕುಮವಿಟ್ಟು, ಊದುಬತ್ತಿ ಬೆಳಗಿ ಕೈಮುಗಿಯುತ್ತಿದ್ದ. ಕಣ್ಣು ಮುಚ್ಚಿ ಮುಗಿಯುತ್ತಿದ್ದ. ಓದುತ್ತಿರಲಿಲ್ಲ.

ಅವನ ಹೆಂಡತಿ ಒಮ್ಮೆ ಹೇಳಿದಳು: “ಅಲ್ಲಾ ರೀ, ಅದರಲ್ಲಿರೋ ಫೋನ್ ನಂಬರೇ ಈಗಿಲ್ಲ. ಕುಂಕುಮ ಇಟ್ಟರೆ ಫೋನು ಹೊಡ್ಕೊಳ್ಳುತ್ತಾ?”

“ಸುಮ್ನಿರೇ. ಅದು ಅಪ್ಪ ಆಡಿದ ಮಾತು. ಅದರಲ್ಲಿ ಒಂದಕ್ಷರ ಮುಟ್ಟೋದಿಲ್ಲ ನಾನು,” ಎಂದ ಅವನು.

ಹೀಗಿರುವಾಗ ಒಂದು ಮಧ್ಯಾಹ್ನ ಒಬ್ಬ ತಾಯಿ ಅಂಗಡಿಯ ಮೆಟ್ಟಿಲು ಹತ್ತಿದಳು. ಸೊಂಟದ ಮೇಲೆ ಹೆಣ್ಣುಮಗು. ಸೊಂಟದ ಮಗು ಎನ್ನುವ ವಯಸ್ಸು ಅದಕ್ಕೆ ದಾಟಿತ್ತು. ಅದರ ಕಾಲು ತಾಯಿಯ ಮೊಣಕಾಲಿನವರೆಗೆ ಇಳಿಬಿದ್ದಿತ್ತು.

“ಗಾಡಿ ಮಾಡೋ ಅಜ್ಜನ ಅಂಗಡಿ ಇದೇನಾ ಅಣ್ಣ?”

“ನಾವು ಗಾಡಿ ಮಾಡೋದು ಬಿಟ್ಟು ಎಷ್ಟೋ ಕಾಲ ಆಯ್ತಮ್ಮ.”

“ಅದ್ಹೇಗಣ್ಣ? ನಿನ್ನೆ ತಾನೇ ಓದಿದೆ. ಅಜ್ಜ ಬನ್ನಿ ಅಂತ ಬರೆದಿದಾರೆ. ಫೋನ್ ಮಾಡಿದೆ, ಹೋಗ್ಲಿಲ್ಲ. ಕೆಲಸದಲ್ಲಿರ್ತಾರೆ ಅಂದ್ಕೊಂಡು ಬಂದೇಬಿಟ್ಟೆ. ನಮ್ಮ ಬೀದೀಲಿ ಎಲ್ಲ, ಇದು ನಡೆಯೋ ಮಗುವಲ್ಲ ಅಂತಾರೆ. ನಾನೇ ಇವಳಿಗೆ ಹೇಳಿದೀನಿ, ಅಜ್ಜ ಗಾಡಿ ಕೊಡ್ತಾರೆ, ನೀನು ನಡೀತೀಯ ಅಂತ.”

“ಅವರು ತೀರ್ಕೊಂಡ್ರಮ್ಮ.”

ಅವಳಿಗೆ ಅರ್ಥವಾಗಲಿಲ್ಲ. “ತೀರ್ಕೊಂಡೋರು ಕರೀತಾರಾ ಅಣ್ಣ?” ಎಂದಳು. ಅದು ಕುಹಕವಲ್ಲ. ಅವಳು ನಿಜವಾಗಿಯೂ ಕೇಳಿದ್ದಳು.

ವ್ಯಾಪಾರಿ ಕಂಪ್ಯೂಟರಿನ ಕಡೆ ತಿರುಗಿ ಆ ಪುಟವನ್ನು ತೆರೆದ. ತಂದೆ ಹೋದ ಮೇಲೆ ಮೊದಲ ಸಲ, ಕಣ್ಣು ತೆರೆದು ಓದಿದ. ‘ಅಳಬೇಡಿ ತಾಯಿ’ ಎಂಬಲ್ಲಿಗೆ ಬಂದು ತಲೆಯೆತ್ತಿದರೆ ಎದುರಿಗೆ ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ‘ಅಪ್ಪ ಬಾಗಿಲಲ್ಲಿ ನಿಂತು ಕರೆಯುತ್ತಲೇ ಇದ್ದಾರೆ. ನಾನು ಬಂದವರನ್ನು ಒಳಗಿನಿಂದ ಹಿಂದಕ್ಕೆ ಕಳಿಸುತ್ತಿದ್ದೇನೆ. ಬದುಕಿದ್ದಾಗ ಒಂದೂ ಸುಳ್ಳಾಡದವರನ್ನು ಸತ್ತ ಮೇಲೆ ಸುಳ್ಳುಗಾರರನ್ನಾಗಿ ಮಾಡಿದೆ’ ಎಂದುಕೊಂಡ.

ಅಷ್ಟರಲ್ಲಿ ಮಗು ಗೋಡೆಯ ಕಡೆ ಕೈಚಾಚಿತು. ಅಲ್ಲಿ ತಂದೆಯ ಫೋಟೊ ಇತ್ತು. ಅದರ ಕೆಳಗಿನ ಗೂಡಿನಲ್ಲಿ ಹೂವೇರಿಸಿದ ಒಂದು ನಡೆಗಾಡಿ ಇತ್ತು.

“ಅದು ಮಾರೋದಲ್ಲಮ್ಮ,” ಎಂದ ವ್ಯಾಪಾರಿ ಮೆಲ್ಲಗೆ. “ನಾನೂ ತುಂಬ ತಡವಾಗಿ ನಡೆದವನು. ನಡೆಯೋದು ಕಲಿತದ್ದು ಅದರಲ್ಲೇ. ಅಪ್ಪ ಮಾಡಿದ್ದು. ಪೂಜೆಗೆ ಇಟ್ಟಿದೀವಿ.”

ತಾಯಿ ಮಗುವಿನ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. “ದೇವರ ಸಾಮಾನು ಕಣವ್ವ, ಮುಟ್ಟಬಾರದು,” ಎಂದು ಹೇಳಿ ಮೆಟ್ಟಿಲಿಳಿಯಲು ತಿರುಗಿದಳು.

“ತಾಳಮ್ಮ,” ಎಂದ ವ್ಯಾಪಾರಿ. ಹೂ ತೆಗೆದು, ಗಾಡಿಯನ್ನು ಇಳಿಸಿ, ಧೂಳೊರೆಸಿ ನೆಲಕ್ಕಿಟ್ಟ. ಮಗುವನ್ನು ಅದರ ಹಿಂದೆ ನಿಲ್ಲಿಸಿದರು. ಹಿಡಿಕೆ ಎತ್ತರವಾಯಿತು. ಮಗು ತೋಳೆತ್ತಿ ಹಿಡಿದು ನೇತಾಡಿತು. ಕಾಲು ನೆಲದಲ್ಲಿ ಊರಲಿಲ್ಲ.

“ನಿಮ್ಮ ಅಳತೇದು ಅಣ್ಣ ಇದು,” ಎಂದಳು ತಾಯಿ. “ಹೋಗ್ಲಿ ಬಿಡಿ. ತೆಗೆದುಕೊಟ್ರಲ್ಲ, ಅದೇ ಸಾಕು.”

ವ್ಯಾಪಾರಿ ತಂದೆಯ ಗರಗಸವನ್ನು ಕೈಗೆ ತೆಗೆದುಕೊಂಡ. ಹಿಡಿಕೆಯನ್ನು ಹೊತ್ತ ಕೋಲಿನ ಮೇಲೆ ಇಟ್ಟ. ಮತ್ತೆ ತೆಗೆದ. ತಂದೆಯ ಕೈ ಸವರಿ ನುಣುಪಾದ ಮರ ಅದು. ಅದಕ್ಕೆ ಹಲ್ಲು ಹಾಕುವುದು ಹೇಗೆ? ಫೋಟೊ ನೋಡಿದ. ಮಗುವನ್ನು ನೋಡಿದ. ಈ ಮಗುವನ್ನು ಇಷ್ಟು ಹೊತ್ತು ಕಾಯಿಸಿದ್ದಕ್ಕೇ ಅಪ್ಪ ಬೈಯುತ್ತಿದ್ದರು ಎನ್ನಿಸಿತು. ದಾರ ಹಿಡಿದು ಮಗುವಿನ ಅಳತೆ ತೆಗೆದ. ಕೊಯ್ದ. ಕೈಕೆಲಸ ಬಾರದವನು, ಸೊಟ್ಟಗೆ ಕೊಯ್ದ. ಮತ್ತೆ ಸರಿಮಾಡಿದ. ಮೊಳೆ ಹೊಡೆಯುವಾಗ ಬೆರಳು ಜಜ್ಜಿಕೊಂಡ. ಮಗು ಅದನ್ನು ನೋಡಿ ಕಿಲಕಿಲ ನಕ್ಕಿತು.

“ನಗ್ತೀಯಾ ನೀನು? ನಡೆದು ತೋರಿಸು ನೋಡೋಣ,” ಎಂದ ಅವನು.

ಮಗು ಹಿಡಿಕೆ ಹಿಡಿಯಿತು. ಈ ಸಲ ಪಾದ ನೆಲಕ್ಕೆ ಹತ್ತಿತು. ಗಾಡಿ ಒಂದಿಷ್ಟು ಮುಂದೆ ಸರಿಯಿತು. ಮಗು ಹಿಂದೆಯೇ ಒಂದು ಹೆಜ್ಜೆ ಇಟ್ಟಿತು. ಕುಸಿದು ಕೂತಿತು. ಯಾರೂ ಎತ್ತಲಿಲ್ಲ. ತಾನೇ ಗಾಡಿಯನ್ನು ಹಿಡಿದು ಎದ್ದಿತು, ಇನ್ನೊಂದು ಹೆಜ್ಜೆ ಇಟ್ಟಿತು. “ನಡಿ ನನ್ನವ್ವ, ನಡಿ,” ಎಂದು ತಾಯಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಹೇಳುತ್ತಿದ್ದಳು. ಅವರು ಹೋಗುವಾಗ ಗಾಡಿಯೂ ಅವರ ಜೊತೆಗೇ ಹೋಯಿತು.

ಆ ಸಂಜೆ ವ್ಯಾಪಾರಿ ಕಂಪ್ಯೂಟರಿನ ಮುಂದೆ ಕೂತ. ತಂದೆ ಮಾಡಿದ ಗಾಡಿಯನ್ನೇ ಕೊಯ್ದ ಕೈ ಅದು. ಈಗ ಅಕ್ಷರವನ್ನು ಮುಟ್ಟಲು ಹೆದರಲಿಲ್ಲ. ‘ಗಾಡಿ ಮಾಡುತ್ತಿದ್ದ ನಮ್ಮ ತಂದೆ ಈಗಿಲ್ಲ. ಮಾಡುವವರು ಬೇರೆ ಯಾರೂ ನಮ್ಮಲ್ಲಿಲ್ಲ. ಗೊಂಬೆಗಳು ಮಾತ್ರ ಸಿಗುತ್ತವೆ. ದೂರದಿಂದ ಬರುವವರು ಮೊದಲು ಫೋನ್ ಮಾಡಿ ತಾಯಿ’ ಎಂದು ಬರೆದ. ಹೆಂಡತಿ ಹೊಸ ನಂಬರನ್ನು ಹೇಳಿದಳು. “ನೋಡ್ಕೊಂಡು ಹೊಡೀರಿ, ಕೊನೇದು ಏಳು. ಒಂದಲ್ಲ,” ಎಂದಳು. ತಂದೆಯ ಮಾತುಗಳಲ್ಲಿ ಅವನು ಉಳಿಸಿಕೊಂಡದ್ದು ‘ತಾಯಿ’ ಎಂಬುದೊಂದನ್ನೇ.

ಅಂದಿನಿಂದ ಪ್ರತಿ ಸೋಮವಾರ ದೀಪ ಹಚ್ಚಿದ ಮೇಲೆ ಆ ಪುಟವನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದ. ತಾನು ವ್ಯಾಪಾರಿ ಎಂದು ಓದುತ್ತಿರಲಿಲ್ಲ. ಸೊಂಟದಲ್ಲಿ ಮಗುವಿದೆ, ಬಸ್ಸು ಹತ್ತಬೇಕಾಗಿದೆ ಎಂದುಕೊಂಡು ಓದುತ್ತಿದ್ದ. ತಿದ್ದುವುದಿದ್ದರೆ ತಿದ್ದುತ್ತಿದ್ದ. ಅದು ಅವನ ಪೂಜೆಯಾಯಿತು.

ಗುರುಗಳು ಕತೆ ನಿಲ್ಲಿಸಿದರು. ಮೃತ್ಯುಂಜಯ, “ನಮ್ಮದು ಬರೀ ಎಣ್ಣೆ, ಜೇನುತುಪ್ಪ ಅಲ್ಲವೇ ಬುದ್ಧಿ? ಅದಕ್ಕಾಗಿ ಹಾಗೆ ಯಾರು ಬರುತ್ತಾರೆ?” ಎಂದ.

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

“ನಿನ್ನ ಮಾತನ್ನು ನಂಬಿ ಇವತ್ತು ಯಾರೋ ಮನೆ ಬಿಟ್ಟಿದ್ದಾರೆ ಮಗು; ಅವರು ಬಂದು ಮುಟ್ಟುವುದರೊಳಗೆ ಅದು ಇನ್ನೂ ನಿಜವೇ ಎಂದು ನೋಡು.”

ಶಿಷ್ಯನು ಎದ್ದು ಹೋಗಿ, ಅಂಗಡಿಯ ವೆಬ್‌ಸೈಟನ್ನು ತೆರೆದು ಮೊದಲಿನಿಂದ ಓದತೊಡಗಿದ.

ಈ ಕತೆಯನ್ನು ಕಿವಿಗೊಟ್ಟು ಕೇಳಿದವರೆಲ್ಲರ ಮನೆಯಲ್ಲಿ ಮಕ್ಕಳು ನಕ್ಕು ನಡೆಯಲಿ. ನಂಬಿ ಹೊರಟವರ ದಾರಿಯನ್ನು ಶಿವನು ಕಾಯಲಿ. ನಿಮಗೆಲ್ಲ ಒಳ್ಳೆಯದಾಗಲಿ.