ಆಚೆಯ ಮೆಟ್ಟಿಲು

ಮಾಘ ಮಾಸದ ಮೊದಲ ಸೋಮವಾರ ಬೆಳಿಗ್ಗೆ ಶಿಷ್ಯ ಗುರುಗಳ ಬಳಿ ಬಂದು ಕೇಳಿದ: "ಬುದ್ಧಿ, ಹಿರಿಯ ಗುರುಗಳ ಸಮಾಧಿ ಗದ್ದಿಗೆಯ ಜೀರ್ಣೋದ್ಧಾರ ಮುಗಿಯುತ್ತ ಬಂತು. ಕಲ್ಲಿನ ಮೇಲೆ ಬರೆಯಿಸಲು ಹನ್ನೆರಡು ಸಾಲು ಬರೆದೆ, ಹನ್ನೆರಡನ್ನೂ ಹರಿದು ಹಾಕಿದೆ. ದೊಡ್ಡವರನ್ನು ಹೊಗಳಲು ಸರಿಯಾದ ಮಾತು ಯಾವುದು?"

ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ಗಡಿನಾಡಿನಲ್ಲಿ ಒಬ್ಬ ಬೇಹುಗಾರನಿದ್ದ. ಪಡೆಗಿಂತ ಮುಂದೆ ಹೋಗಿ ಬೆಟ್ಟದಲ್ಲಿ ದಾರಿ ನೋಡಿಬರುವುದು ಅವನ ಕೆಲಸ. ನೋಡಿದ ದಾರಿಯುದ್ದಕ್ಕೂ ಕಲ್ಲಿನ ಮೇಲೆ ಕಲ್ಲು ಇಟ್ಟು ಗುರುತು ಮಾಡುತ್ತಿದ್ದ. ಒಂದು ಗುರುತಿನ ಬಳಿ ನಿಂತರೆ ಹಿಂದಿನದು ಕಾಣಬೇಕು. ಅದೊಂದೇ ಅವನ ನಿಯಮ. ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಅವನು ಜ್ವರ ಬಂದು ತೀರಿಕೊಂಡ. ಬೇಹುಗಾರನನ್ನು ಅವನು ಕೊನೆಯದಾಗಿ ಮುಟ್ಟಿದ ಜಾಗದಲ್ಲೇ ಹೂಳುವುದು ಆ ಸೀಮೆಯ ಪದ್ಧತಿ. ಹಾಗೆಯೇ ಹೂಳಿ, ಮೇಲೊಂದು ಕಟ್ಟೆ ಕಟ್ಟಿದರು. ಅಷ್ಟರಲ್ಲಿ ಎರಡೂ ಕಡೆಯ ಅರಸರಿಗೆ ರಾಜಿಯಾಯಿತು. ಪಡೆ ಮನೆಗೆ ಹೋಯಿತು.

ನೂರು ವರ್ಷ ಕಳೆಯಿತು. ಬೆಟ್ಟದ ಬುಡದ ಊರಿನವರು ವರ್ಷಕ್ಕೊಮ್ಮೆ ಬುತ್ತಿ ಕಟ್ಟಿಕೊಂಡು ಆ ಸಮಾಧಿಯವರೆಗೆ ಹೋಗುತ್ತಿದ್ದರು. ಹೂ ಇಟ್ಟು, ಉಂಡು, ಹಿಂದಿರುಗುತ್ತಿದ್ದರು. ಬೇಹುಗಾರನೇ ನಿಂತ ಜಾಗ, ಅದರಾಚೆ ದಾರಿ ಇರಲಾರದು ಎಂದು ಎಲ್ಲರೂ ನಂಬಿದ್ದರು. ಯಾವ ಕಾಲದಲ್ಲೋ ಒಬ್ಬ ಗೌಡ ಆಚೆ ಬದಿಗೆ ಅಡ್ಡಗೋಡೆಯನ್ನೂ ಹಾಕಿಸಿದ್ದ. ಕೊನೆಗೆ ಕಟ್ಟೆ ಒಂದು ಕಡೆಗೆ ವಾಲಿತು. ಈಗಿನ ಗೌಡ ಅದನ್ನು ಸರಿಮಾಡಲು ಊರಿನ ಕಲ್ಲುಕುಟಿಗನಿಗೆ ಹೇಳಿದ.

ಕಲ್ಲುಕುಟಿಗನಿಗೆ ಆ ಬೆಟ್ಟದ ಮೇಲೆ ಸಿಟ್ಟಿತ್ತು. ಮಗಳನ್ನು ಬೆಟ್ಟದ ಆಚೆಯ ಊರಿಗೆ ಕೊಟ್ಟಿದ್ದ. ಬೆಟ್ಟ ಸುತ್ತಿ ಹೋದರೆ ಮೂರು ದಿನದ ದಾರಿ. ಬಾಣಂತನಕ್ಕೂ ಅವಳು ತವರಿಗೆ ಬರಲಾಗಲಿಲ್ಲ. ಮಗು ಹುಟ್ಟಿ ಏಳು ತಿಂಗಳಾಗಿತ್ತು. ಹೆಂಡತಿಯ ಮೊಣಕಾಲು ಮೂರು ದಿನ ನಡೆಯುವ ಸ್ಥಿತಿಯಲ್ಲಿರಲಿಲ್ಲ. ಅವಳನ್ನು ಬಿಟ್ಟು ತಾನೊಬ್ಬನೇ ಮೊಮ್ಮಗುವನ್ನು ನೋಡಿಬರಲು ಅವನಿಗೆ ಮನಸ್ಸಾಗಲಿಲ್ಲ.

ಅವನು ಕಟ್ಟೆಯ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿದ. ಐದನೆಯ ದಿನ ಅಡ್ಡಗೋಡೆ ಕಿತ್ತಾಗ ಅದರ ಕೆಳಗೆ ಮಣ್ಣಿನಲ್ಲಿ ಒಂದು ಮೆಟ್ಟಿಲು ಸಿಕ್ಕಿತು. ಕಟ್ಟೆಯಿಂದ ಆಚೆಗೆ ಇಳಿಯುವ ಮೆಟ್ಟಿಲು. ಅವನು ಎರಡೂ ಬದಿಯ ಮೆಟ್ಟಿಲುಗಳನ್ನು ಕೈಯಿಂದ ಸವರಿ ನೋಡಿದ. ಈಚೆಯದು ನಡುವೆ ಬಟ್ಟಲಿನಂತೆ ಸವೆದಿತ್ತು. ಆಚೆಯದರ ಮೇಲೆ ಉಳಿಯ ಗೆರೆಗಳು ಹಾಗೇ ಇದ್ದವು.

ಗೌಡನನ್ನು ಕರೆದು ತೋರಿಸಿದ. "ಗೌಡರೇ, ಹೂಳಿದವರಿಗೆ ದಾರಿ ಮುಗೀತು ಅಂತ ಅನ್ನಿಸಿರಲಿಲ್ಲ. ಮುಗಿದಿದ್ದರೆ ಆ ಕಡೆ ಯಾಕೆ ಮೆಟ್ಟಿಲು ಇಡುತ್ತಿದ್ದರು?"

"ಅಂದಕ್ಕೆ ಇಟ್ಟಿರುತ್ತಾರೆ ಬಿಡಯ್ಯ. ನಿನ್ನ ಮೂಗಿಗೆ ಮಗಳ ಮನೆ ಅಡುಗೆ ವಾಸನೆ ಬಡಿದಿದೆ," ಎಂದ ಗೌಡ. "ಗೋಡೆ ಮತ್ತೆ ಕಟ್ಟು. 'ದಾರಿ ಇಲ್ಲಿಗೆ ಮುಗಿಯಿತು' ಅಂತ ಕಲ್ಲಿನ ಮೇಲೆ ಕೆತ್ತಿಬಿಡು. ಹುಣ್ಣಿಮೆಗೆ ಊರೆಲ್ಲ ಬರುತ್ತದೆ."

ಹುಣ್ಣಿಮೆಗೆ ಹದಿನೈದು ದಿನವಿತ್ತು. ಕಲ್ಲುಕುಟಿಗ ಆರು ದಿನದಲ್ಲಿ ಕಟ್ಟೆಯನ್ನು ನೇರ ಮಾಡಿದ. ಗೋಡೆಯ ಕಲ್ಲುಗಳನ್ನು ಮುಟ್ಟಲಿಲ್ಲ. ಏಳನೆಯ ದಿನ ಬೆಳಿಗ್ಗೆ ಆಚೆಯ ಮೆಟ್ಟಿಲು ಇಳಿದ. ಒಂದು ಕೂಗಳತೆ ಹೋಗಿ ಕಲ್ಲಿನ ಮೇಲೆ ಕಲ್ಲು ಇಟ್ಟ. ತಿರುಗಿ ನೋಡಿದ, ಸಮಾಧಿ ಕಾಣುತ್ತಿತ್ತು. ಮತ್ತೆ ಮುಂದೆ ಹೋದ. ಮುಳ್ಳು ಅಡ್ಡ ಬಂದರೆ ಕಡಿದ. ಕೊರಕಲು ಅಡ್ಡ ಬಂದರೆ ಹಿಂದಿನ ಗುರುತಿಗೆ ಮರಳಿ, ಬೇರೆ ಕಡೆಗೆ ತಿರುಗಿದ. ಸಂಜೆ ಮನೆಗೆ, ಬೆಳಿಗ್ಗೆ ಮತ್ತೆ ಬೆಟ್ಟಕ್ಕೆ. ಹುಣ್ಣಿಮೆಯ ಹಿಂದಿನ ದಿನ ನೆತ್ತಿ ದಾಟಿ ನೋಡಿದ. ಕೆಳಗೆ ಹೆಂಚಿನ ಮನೆಗಳಿದ್ದವು.

ಮೈಯೆಲ್ಲ ಮುಳ್ಳು, ಧೂಳು ಮೆತ್ತಿಕೊಂಡು ಅಂಗಳದಲ್ಲಿ ನಿಂತ ಅವನನ್ನು ನೋಡಿ ಮಗಳಿಗೆ ನಗು ತಡೆಯಲಾಗಲಿಲ್ಲ. "ಅಪ್ಪಾ, ಬೆಟ್ಟದಿಂದ ಏನೋ ಇಳಿದು ಬರ್ತಿದೆ, ಮನುಷ್ಯನಂತೂ ಅಲ್ಲ ಅಂತ ನಮ್ಮತ್ತೆ ಬಾಗಿಲು ಹಾಕಿಕೊಂಡು ಕೂತಿದ್ದಾರೆ."

"ಬೀಗರು ಬಂದಿದ್ದಾರೆ ಅಂತ ಹೇಳಮ್ಮ ಅವರಿಗೆ. ಮೊದಲು ಮಗು ಇಲ್ಲಿ ಕೊಡು."

ಹುಣ್ಣಿಮೆಯ ದಿನ ಊರೆಲ್ಲ ಹೂ ಹಿಡಿದು ಸಮಾಧಿಯ ಬಳಿ ಸೇರಿತ್ತು. ಕಲ್ಲುಕುಟಿಗನ ಹೆಂಡತಿಯೂ ಕೋಲೂರಿಕೊಂಡು ಬಂದಿದ್ದಳು. ಗೋಡೆ ಇಲ್ಲದ್ದನ್ನೂ ಕಲ್ಲು ಬರಿದಾಗಿದ್ದದ್ದನ್ನೂ ಕಂಡು ಗೌಡ ಬೈಯಲು ಬಾಯಿ ತೆರೆದ. ಆಗ ಮೇಲಿನ ತಿರುವಿನಲ್ಲಿ ಜನ ಕಾಣಿಸಿದರು. ಮುಂದೆ ಕಲ್ಲುಕುಟಿಗ, ಅವನ ಹಿಂದೆ ಮಗಳು, ಅಳಿಯ. ಅವರ ಹಿಂದೆ ಆಚೆಯೂರಿನ ಇಪ್ಪತ್ತು ಮಂದಿ, ತಲೆಯ ಮೇಲೆ ಬುತ್ತಿ. ಎಲ್ಲರಿಗಿಂತ ಕೊನೆಯಲ್ಲಿ ಗೊಣಗುತ್ತ ಆ ಅತ್ತೆ. ಕಲ್ಲುಕುಟಿಗ ಮಗುವನ್ನು ಹೆಂಡತಿಯ ಮಡಿಲಿಗೆ ಹಾಕಿದ. ಮಗು ಅಜ್ಜಿಯ ಮೂಗುತಿಗೆ ಕೈ ಹಾಕಿತು. ಗೌಡ ಮಗುವನ್ನು ನೋಡಿದ, ಬೆಟ್ಟವನ್ನು ನೋಡಿದ, ಆಮೇಲೆ ಬುತ್ತಿಯಲ್ಲಿ ಏನಿದೆ ಎಂದು ಕೇಳಿದ. ಎರಡೂ ಊರಿನವರು ಅಂದು ಒಂದೇ ಪಂಕ್ತಿಯಲ್ಲಿ ಉಂಡರು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

"ಕಲ್ಲಿನ ಮೇಲೆ ಕೊನೆಗೆ ಏನು ಕೆತ್ತಿದರು, ಬುದ್ಧಿ?" ಎಂದು ಶಿಷ್ಯ ಕೇಳಿದ. ಗುರುಗಳು ಆ ಸಾಲನ್ನು ಹೇಳಿದರು:

"ಬೇಹುಗಾರ ಇಟ್ಟ ಗುರುತು ಐವತ್ತೆರಡು, ಅವನ ನಂತರ ಇಟ್ಟವು ಮೂವತ್ತೇಳು."